ಕೆಂಪಿಂಡಿ

ಶಾಮನೂರಿನ ನಮ್ಮ ಮನೆಯಲ್ಲಿ ರೊಟ್ಟಿಯ ಮಗ್ಗುಲಲ್ಲಿ ಕೆಂಪಿಂಡಿ ಇಲ್ಲದಿದ್ದರೆ ಅದು ಊಟವೇ ಅಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಕಡಲಾಚೆಯಿಂದ ತಂದ ಕಾಯಿ, ನಮ್ಮ ಮೆಣಸಿನ ಹೆಸರನ್ನೇ ಹೊತ್ತು ಹಿತ್ತಲಿನ ಮಗಳಾಗಿಬಿಟ್ಟಿದೆ! ಗಿಡದಲ್ಲೇ ಹಣ್ಣಾದ ಕಾಯಿಯನ್ನು ಪ್ರತಿವರುಷ ಅಜ್ಜಿಯೇ ಅರೆಯುತ್ತಿದ್ದಳು. ಹೋದ ವರುಷ ಅವಳ ಕೈ ನಡುಗತೊಡಗಿತು. ಕೆಲಸ ನನ್ನ ಪಾಲಿಗೆ ಬಂದಿತು.

“ತೊಳೆದ ಕಾಯಿ ಬಟ್ಟೆ ಮ್ಯಾಲೆ ಪೂರಾ ಆರಲಿ. ನೀರು ಸೋಕಿದ್ರೆ ಕೆಡ್ತತಿ” ಎಂದಳು.

ಪರೀಕ್ಷೆಯ ಅವಸರ ನನಗೆ. ಹಸಿ ಆರುವ ಮೊದಲೇ ತೊಟ್ಟು ಮುರಿದು, ಉಪ್ಪು, ಹುಣಿಸೆಹಣ್ಣು, ಬೆಳ್ಳುಳ್ಳಿ, ಹುರಿದ ಮೆಂತ್ಯ ಹಾಕಿ ರುಬ್ಬಿ ಜಾಡಿಗೆ ತುಂಬಿದೆ. ಕೈಯುರಿ ತಣ್ಣೀರಿಗೆ ತಗ್ಗಲಿಲ್ಲ. ಖಾರದ ಸತ್ವ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುವುದು. ಪುಸ್ತಕ ಓದದ ಅಜ್ಜಿ ಕೊಬ್ಬರಿ ಎಣ್ಣೆ ಸವರಿದಳು.

ಕೆಲವೇ ದಿನಗಳಲ್ಲಿ ಜಾಡಿಯ ತುಂಬ ಬೂಷ್ಟು! ವರುಷದ ಫಲವೆಲ್ಲ ತಿಪ್ಪೆಗೆ ಹೋಯಿತು. ಅಜ್ಜಿ ಬೈಯಲಿಲ್ಲ, ಮೊದಲೇ ಒಣಗಿಸಿಟ್ಟಿದ್ದ ಬೀಜದ ಗಂಟನ್ನು ನನ್ನ ಕೈಗಿತ್ತಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಈ ವರುಷ ಸಸಿ ಮಾಡಿದವನೂ ನಾನೇ, ನೀರುಣಿಸಿದವನೂ ನಾನೇ. ಕಾಯಿ ಪೂರಾ ಆರುವತನಕ ಕಾದು ಅರೆದೆ. ತಿಂಗಳಾಯಿತು, ಜಾಡಿ ಕೆಂಪಗೆ ನಗುತ್ತಿದೆ. ಅಜ್ಜಿ ಬೆರಳಿಗೆ ತಗುಲಿಸಿಕೊಂಡು ನೆಕ್ಕಿ, “ಉಪ್ಪು ಒಂಚೂರು ಕಮ್ಮಿ” ಎಂದಳು.

ಆ ಪರೀಕ್ಷೆಯಲ್ಲಿ ಬಂದ ಅಂಕ ಮರೆತಿದ್ದೇನೆ. ಈ ಪರೀಕ್ಷೆಯದನ್ನು ಮರೆಯಲಾರೆ.