ಟಾಸ್ಕ್ ಮ್ಯಾನೇಜರ್ ತೆರೆದರೆ ಸುಮ್ಮನಾಗುತ್ತಿದ್ದ ಫ್ಯಾನು

ಪುಣೆಯ ನಮ್ಮ ಆಫೀಸಿನಲ್ಲಿ ಸರ್ವರ್ ಕೋಣೆ ಅಂದರೆ ಪ್ಯಾಂಟ್ರಿ ಪಕ್ಕದ ಒಂದು ಗೂಡು. ಒಂದು ಸೋಮವಾರ ಬೇಗ ಬಂದಿದ್ದೆ. ಆಫೀಸಿನಲ್ಲಿ ಇನ್ನೂ ಯಾರೂ ಇಲ್ಲ, ಸರ್ವರಿನ ಫ್ಯಾನು ಮಾತ್ರ ಜೋರಾಗಿ ಕೂಗುತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದೆ, ಸುಮ್ಮನಾಯಿತು. ಮುಚ್ಚಿದೆ, ಒಂದೆರಡು ನಿಮಿಷಕ್ಕೆ ಮತ್ತೆ ಶುರು. ಮೇಷ್ಟ್ರು ಈ ಕಡೆ ತಿರುಗಿದಾಗ ಮಾತ್ರ ತೆಪ್ಪಗಾಗುವ ಹುಡುಗರ ಹಾಗೆ.

ಯಾರೋ ನಮ್ಮ ಸರ್ವರಿನಲ್ಲಿ ಮೊನೆರೊ ಮೈನಿಂಗ್ ನಡೆಸಿದ್ದರು. ಬಿಟ್‌ಕಾಯಿನ್‌ಗೆ ಅದಕ್ಕೆಂದೇ ಮಾಡಿದ ಯಂತ್ರಗಳು ಬೇಕು. ಮೊನೆರೊ 2019ರ ನವೆಂಬರಿನಲ್ಲಿ ಅಳವಡಿಸಿಕೊಂಡ ರ‍್ಯಾಂಡಮ್‌ಎಕ್ಸ್ ವಿಧಾನಕ್ಕೆ ಸಾಧಾರಣ ಪ್ರೊಸೆಸರೇ ಸಾಕು. ಹೀಗಾಗಿ ಬಿಲ್ಲಿಂಗ್ ಮಾಡುವ ನಮ್ಮ ಹಳೇ ಡಬ್ಬಿಯೂ ಕರೆಯುವ ಹಸುವೇ. ಮೇವು ನಮ್ಮದು, ಹಾಲು ಅವರದು.

ಆ ಟ್ರೇನಿ ಹುಡುಗ ಊಟದ ಹೊತ್ತಿನಲ್ಲಿ ಬಿಟ್‌ಕಾಯಿನ್ ರೇಟು ನೋಡುತ್ತಾನೆ ಎಂದರು ಯಾರೋ. ಬೀದರಿನ ಹುಡುಗ, ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುವವನು ಅವನೊಬ್ಬನೇ. ಕರೆದು ಕೇಳಿದೆ. "ನಾ ಅಲ್ರೀ ಸರ್," ಅಂದ. ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು ಹೋಗು ಅಂದೆ.

ಮೈನರ್ ಅಳಿಸಿದೆ. ಮರುದಿನ ಬೆಳಿಗ್ಗೆ ವಾಪಸ್ ಬಂದಿತ್ತು. ಶೆಡ್ಯೂಲ್ಡ್ ಟಾಸ್ಕ್ ಒಂದು ಅದನ್ನು ಮತ್ತೆ ಮತ್ತೆ ಎಬ್ಬಿಸುತ್ತಿತ್ತು. ಆಮೇಲೆ, ಮೊದಲೇ ನೋಡಬೇಕಾಗಿದ್ದ ಸೆಕ್ಯುರಿಟಿ ಲಾಗ್ ನೋಡಿದೆ. 4625 ಸಂಖ್ಯೆಯ ನಮೂದುಗಳು, ಅಂದರೆ ವಿಫಲ ಲಾಗಿನ್‌ಗಳು, ಸಾವಿರಾರು. ಎಲ್ಲವೂ ಹೊರಗಿನಿಂದ, ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ. ಕೊನೆಗೊಂದು ರಾತ್ರಿ ಪಾಸ್‌ವರ್ಡ್ ಸಿಕ್ಕಿಬಿಟ್ಟಿದೆ.

ಬಾಗಿಲು ತೆರೆದವನು ನಾನೇ. 2020ರ ಲಾಕ್‌ಡೌನಿನಲ್ಲಿ ಅಕೌಂಟ್ಸ್ ಮೇಡಂಗೆ ಮನೆಯಿಂದ ಟ್ಯಾಲಿ ಬೇಕಿತ್ತು. ಎರಡು ದಿನದ ಮಟ್ಟಿಗೆ ಅಂತ ರೂಟರಿನಲ್ಲಿ 3389 ಪೋರ್ಟನ್ನು, ರಿಮೋಟ್ ಡೆಸ್ಕ್‌ಟಾಪಿನದು, ನೇರ ಇಂಟರ್ನೆಟ್ಟಿಗೆ ಬಿಟ್ಟಿದ್ದೆ. ಮೇಡಂ ಆಫೀಸಿಗೆ ಮರಳಿದರು, ಪೋರ್ಟ್ ಹಾಗೇ ಉಳಿಯಿತು.

ಡೇಟಾ ಹೋಗಿಲ್ಲ ಅಂದಮೇಲೆ ಇಷ್ಟು ರಂಪ ಯಾಕೆ ಅಂದರು ಸಾಹೇಬರು. ನನಗೆ ನಿದ್ದೆ ಕೆಡಿಸಿದ್ದೇ ಅದು. ಅಡ್ಮಿನಿಸ್ಟ್ರೇಟರ್ ಆಗಿ ಒಳಗೆ ಬಂದವನು ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಬಹುದಿತ್ತು. ಬ್ಯಾಕಪ್ಪನ್ನೂ ಅಳಿಸಬಹುದಿತ್ತು. ಬಂದವನು ಸಂಪಾದನೆಗೆ ಬೇರೆ ದಾರಿ ಹಿಡಿದಿದ್ದ, ಅಷ್ಟೇ.

ಸರ್ವರನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆ. ಎಲ್ಲರ ಪಾಸ್‌ವರ್ಡ್ ಬದಲಾಯಿತು, ಪೋರ್ಟ್ ಮುಚ್ಚಿತು, ಮನೆಯಿಂದ ಕೆಲಸ ಮಾಡುವವರಿಗೆ ವಿಪಿಎನ್, ಅದಕ್ಕೆ ಫೋನಿನ ಒಟಿಪಿ. ಐದು ಸಲ ತಪ್ಪು ಒತ್ತಿದರೆ ಖಾತೆಗೆ ಬೀಗ. ಆದರೆ ಹೆಚ್ಚು ಯೋಚಿಸಬೇಕಾಗಿ ಬಂದದ್ದು ಹೊರಹೋಗುವ ದಾರಿಯ ಬಗ್ಗೆ. ಒಳಬರುವುದನ್ನು ತಡೆಯುವ ಫೈರ್‌ವಾಲ್ ನಮ್ಮಲ್ಲಿ ಮೊದಲೂ ಇತ್ತು, ಹೊರಗೆ ಹೋಗುವುದನ್ನು ಯಾರೂ ಕೇಳುತ್ತಿರಲಿಲ್ಲ. ಮೈನಿಂಗ್ ಪೂಲಿನ ಜೊತೆ ಮಾತಾಡಲಾಗದಿದ್ದರೆ ಈ ಮೈನರಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಈಗ ಸರ್ವರ್ ಅಪ್‌ಡೇಟಿಗೆ, ಬ್ಯಾಕಪ್ಪಿಗೆ, ಇನ್ನು ಬೆರಳೆಣಿಕೆಯ ಜಾಗಗಳಿಗೆ ಮಾತ್ರ ಹೋಗಬಹುದು. ರಾತ್ರಿ ಪ್ರೊಸೆಸರ್ ಅರ್ಧ ಗಂಟೆ ಶೇ. 80ರ ಮೇಲಿದ್ದರೆ ಫೋನಿಗೆ ಸಂದೇಶ. ಮೊದಲ ವಾರ ಬಂದ ಸಂದೇಶವೆಲ್ಲ ನಮ್ಮದೇ ಬ್ಯಾಕಪ್ಪಿನದು!

ಆ ಹುಡುಗನಿಗೆ ಎಲ್ಲರೆದುರೇ ಹೇಳಿದೆ, ತಪ್ಪು ನನ್ನದು ಅಂತ. "ಇರ್ಲಿ ಬಿಡ್ರೀ ಸರ್," ಅಂದ. ಈಗ ಆ ಸಂದೇಶ ಅವನ ಫೋನಿಗೂ ಹೋಗುತ್ತದೆ, ಎಷ್ಟೋ ಸಲ ನನಗಿಂತ ಮೊದಲು ನೋಡುವವನು ಅವನೇ. ಊಟಕ್ಕೆ ಮಾತ್ರ ಬೇರೆ ಟೇಬಲ್ಲಿನಲ್ಲಿ ಕೂರುತ್ತಾನೆ.