ಹಲಸೂರು ಕೆರೆಯಿಂದ ಹೊಳೆಯಂಚಿನ ಗ್ರಾಮಸಭೆಗೆ

ಹೊಸಕೋಟೆಯ ಗೆಳೆಯರು ಹಿಂದಿನ ರಾತ್ರಿ ಫೋನ್ ಮಾಡಿದ್ದರು. "ನಾಳೆ ನಮ್ಮ ಹೊಳೆ ಕಡೆ ಊರಲ್ಲಿ ಗ್ರಾಮಸಭೆ ಇದೆ, ಬಂದುಬಿಡಿ. ನಿಮ್ಮ ಬೆಂಗಳೂರಿನ ನೀರಿನ ಮಾತೇ ಬರುತ್ತೆ" ಎಂದರು. ಅವರು ಹೇಳಿದ ಹೊಳೆ ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆ ಕೆರೆ ತುಂಬಿ, ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಹಾದು, ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು, ಸುಮಾರು 400 ಕಿ.ಮೀ. ಹರಿದು ಕಡಲೂರಿನ ಹತ್ತಿರ ಬಂಗಾಳಕೊಲ್ಲಿ ಸೇರುವ ನದಿ. ಶಿವಾಜಿನಗರ, ಹಲಸೂರು ಇರುವ ಬೆಂಗಳೂರಿನ ದಂಡು ಪ್ರದೇಶದ ಬಚ್ಚಲ ನೀರೂ ಕೊನೆಗೆ ಸೇರುವುದು ಅದನ್ನೇ. ಹಾಗಾಗಿ ನೀರು ಹೋಗುವ ದಿಕ್ಕಿನಲ್ಲೇ ನಾನೂ ಹೊರಟೆ.

ಬೆಳಕು ಹರಿಯುವ ಹೊತ್ತಿಗೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿದ್ದೆ. 1927ರಲ್ಲಿ ಕಟ್ಟಿದ, ಆಗಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರು ಹೊತ್ತ ಕಟ್ಟಡ ಅದು. ಹೊರಗಿನ ಬೀದಿಯಲ್ಲಿ ಗೂಡ್ಸ್ ಆಟೋದಿಂದ ಸೊಪ್ಪಿನ ಮೂಟೆ ಇಳಿಯುತ್ತಿತ್ತು. "ದಂಟು ಎಲ್ಲಿಂದ ಬಂತು ಭಾಯ್?" ಎಂದು ಕೇಳಿದೆ. "ಹೊಸಕೋಟೆ, ಸರ್ಜಾಪುರ ಕಡೇದು ಸಾರ್, ದಿನಾ ಬರುತ್ತೆ" ಎಂದರು. ಯಾವ ನೀರಿನಲ್ಲಿ ಬೆಳೆದದ್ದು ಎಂದು ನಾನು ಕೇಳಲಿಲ್ಲ. ಅದು ಅವರಿಗೂ ತಿಳಿಯುವಂತಿರಲಿಲ್ಲ.

ಅಲ್ಲಿಂದ ಹಲಸೂರು ಕೆರೆಗೆ ನಡೆದೇ ಹೋದೆ. ಈ ನೆಲದ ಆಡಳಿತದ ಚರಿತ್ರೆ ವಿಶಿಷ್ಟವಾದದ್ದು. 1881ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗ ದಂಡು ಪ್ರದೇಶವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಅದೇ 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. 144 ಜನ ಬಂದಿದ್ದರು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಕೆರೆ, ರಸ್ತೆ, ಕಂದಾಯದ ಕಷ್ಟವನ್ನು ದಿವಾನರ ಮುಂದೆ ಹೇಳಿಕೊಳ್ಳಬಹುದಿತ್ತು, ಸಲಹೆ ಕೊಡಬಹುದಿತ್ತು, ಅಷ್ಟೇ. ಆದರೂ ರೈತರ ಮಾತನ್ನು ಸರ್ಕಾರ ಕೂತು ಕೇಳಬೇಕು ಎಂಬ ಪದ್ಧತಿ ಈ ನಾಡಿನಲ್ಲಿ ಬೇರೂರಿದ್ದು ಅಲ್ಲಿಂದ.

ಕೆರೆಯ ದಂಡೆಯಲ್ಲಿ ತಿರುವಳ್ಳುವರ್ ಪ್ರತಿಮೆ ಇದೆ. ಕನ್ನಡ-ತಮಿಳು ಜಗಳದಿಂದಾಗಿ 1991ರಿಂದ 18 ವರ್ಷ ಮುಸುಕಿನಲ್ಲಿದ್ದ ಪ್ರತಿಮೆ ಅದು. 2009ರ ಆಗಸ್ಟಿನಲ್ಲಿ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳು ಮಾತನಾಡಿಕೊಂಡು ಇಲ್ಲಿ ತಿರುವಳ್ಳುವರನ್ನೂ ಚೆನ್ನೈಯಲ್ಲಿ ಸರ್ವಜ್ಞನನ್ನೂ ಅನಾವರಣ ಮಾಡಿದರು. ಕೂತು ಮಾತಾಡಿದರೆ ಎಂಥ ಗಂಟೂ ಬಿಚ್ಚುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಪ್ರತಿಮೆಯ ಬೆನ್ನಿಗಿರುವ ಕೆರೆಯಲ್ಲಿ 2016ರ ಮಾರ್ಚಿನಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು. ಕೆರೆ ತುಂಬಿ ಹೊರಬಿದ್ದ ನೀರು ರಾಜಕಾಲುವೆ ಹಿಡಿದು ಚಲ್ಲಘಟ್ಟದ ಕಣಿವೆಗೆ ಇಳಿಯುತ್ತದೆ. ಅಲ್ಲಿಂದ ಬೆಳ್ಳಂದೂರು, ವರ್ತೂರು, ಆಮೇಲೆ ಹೊಳೆ.

ಹಲಸೂರಿನಲ್ಲಿ ಮೆಟ್ರೊ ಹತ್ತಿದೆ. ಇಂದಿರಾನಗರ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಕಿಟಕಿಯಿಂದ ಕಾಣುವ ಈ ಬಡಾವಣೆಗಳಿಗೂ ಕಾನೂನಿನಲ್ಲಿ ಸಭೆಗಳಿವೆ. ನಗರ ಪಾಲಿಕೆಗಳ ಕಾಯ್ದೆಯ 2011ರ ತಿದ್ದುಪಡಿಯಲ್ಲೇ ವಾರ್ಡ್ ಸಮಿತಿ, ಏರಿಯಾ ಸಭಾ ಎಂದು ಬರೆದಿಟ್ಟಿದ್ದರು. ಆದರೆ 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಳೇ ಕಳೆದರೂ ಚುನಾವಣೆ ನಡೆಯದೆ ನಗರ ಅಧಿಕಾರಿಗಳ ಕೈಯಲ್ಲೇ ಇತ್ತು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳಾದವು. ಶಿವಾಜಿನಗರ, ಹಲಸೂರು ಕೇಂದ್ರ ಪಾಲಿಕೆಗೆ ಸೇರಿದವು. ಕೆ.ಆರ್. ಪುರ, ಮಹದೇವಪುರ ಪೂರ್ವ ಪಾಲಿಕೆಗೆ ಹೋದವು. ನೀರು ಮಾತ್ರ ಯಾವ ಗಡಿಯನ್ನೂ ನೋಡದೆ ಇಳಿಜಾರು ಹಿಡಿದು ಹೋಗುತ್ತಿದೆ.

ಬೆನ್ನಿಗಾನಹಳ್ಳಿ ಕೆರೆ ದಾಟಿ, ತೂಗುಸೇತುವೆಯ ಪಕ್ಕ ಕೆ.ಆರ್. ಪುರದಲ್ಲಿ ಇಳಿದೆ. ಅಲ್ಲಿಂದ ಹೊಸಕೋಟೆ ಬಸ್ಸು. ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಉದ್ದಕ್ಕೂ ಜೊತೆಗೆ ಬಂತು. ವೀಳ್ಯದೆಲೆ ವ್ಯಾಪಾರದಲ್ಲಿ ಗಳಿಸಿದ್ದನ್ನು ಬರದ ಕಾಲದಲ್ಲಿ ಕೆರೆಗೆ ಸುರಿದ ದಾನಿ ಎಂದು ಶೆಟ್ಟರನ್ನು ಜನ ಇವತ್ತಿಗೂ ನೆನೆಯುತ್ತಾರೆ. ಹೆಬ್ಬಾಳ ಕಣಿವೆಯ ನೀರು ಈ ಕೆರೆಗೆ ಬಂದು ಮುಂದೆ ಪಿನಾಕಿನಿ ಸೇರುತ್ತದೆ. ಹೊಸಕೋಟೆಯ ಕೆರೆ ಅದಕ್ಕಿಂತ ಹಳೆಯದು. 1595ರ ಸುಮಾರಿಗೆ ಸುಗಟೂರಿನ ತಮ್ಮೇಗೌಡರು ಕಟ್ಟಿಸಿದ ಕೋಟೆಯ ಊರು ಇದು. ಕೆರೆಯ ಏರಿಯೇ ಎರಡು ಮೈಲಿ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ.

ಗೆಳೆಯರು ಬೈಕಿನಲ್ಲಿ ಕಾದಿದ್ದರು. ಸಮೇತನಹಳ್ಳಿ ಕಡೆಯಿಂದ ಮುಗಳೂರಿನ ದಿಕ್ಕಿಗೆ ಹೊರಟೆವು. ನೀಲಗಿರಿ ತೋಪು, ಗುಲಾಬಿ ತೋಟ, ಗೋದಾಮು, ಹೊಸ ಲೇಔಟಿನ ಕಮಾನು, ಮತ್ತೆ ನೀಲಗಿರಿ. ಮುಗಳೂರಿನ ಹತ್ತಿರ ಸೇತುವೆ ಮೇಲೆ ನಿಲ್ಲಿಸಿದರು. ಕೆಳಗೆ ನೀರು ಬೂದು ಬಣ್ಣದಲ್ಲಿ ಹರಿಯುತ್ತಿತ್ತು. ಕಲ್ಲಿಗೆ ಬಡಿದ ಕಡೆಯೆಲ್ಲ ಬಿಳಿ ನೊರೆ ಎದ್ದು, ಗಾಳಿಗೆ ಮುದ್ದೆ ಮುದ್ದೆಯಾಗಿ ದಂಡೆಯ ಜೊಂಡಿಗೆ ಅಂಟಿಕೊಳ್ಳುತ್ತಿತ್ತು. ಸೋಪಿನ ವಾಸನೆ, ಅದರ ಅಡಿಯಲ್ಲಿ ಕೊಳೆತದ್ದರ ವಾಸನೆ. ದಂಡೆಯಲ್ಲಿ ಡೀಸೆಲ್ ಪಂಪೊಂದು ಇದೇ ನೀರನ್ನೆತ್ತಿ ಸೀಮೆಹುಲ್ಲಿನ ಮಡಿಗೆ ಬಿಡುತ್ತಿತ್ತು. "ನಮ್ಮ ತಂದೆ ಕಾಲಕ್ಕೆ ಬೇಸಗೇಲಿ ಹೊಳೆ ಒಣಗೋದು. ಮರಳು ತೋಡಿದ್ರೆ ಒರತೆ ನೀರು, ಕುಡೀತಿದ್ರು. ಈಗ ವರ್ಷ ಪೂರ್ತಿ ಹರಿಯುತ್ತೆ, ಕೈಯಿಡಕ್ಕಾಗಲ್ಲ" ಎಂದರು ಗೆಳೆಯರು.

ಸಭೆಯಿದ್ದ ಊರು ಅಲ್ಲಿಂದ ದೂರವಿರಲಿಲ್ಲ. ಅರಳಿಕಟ್ಟೆಯ ಮುಂದೆ ಶಾಮಿಯಾನ ಹಾಕಿದ್ದರು. ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಮೇಜಿನ ಮೇಲೆ ದಪ್ಪನೆಯ ನಡವಳಿ ಪುಸ್ತಕ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೊದಲು ಸಹಿ ಎಣಿಸಿದರು. ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇರಲೇಬೇಕು. ಕೋರಂ ಆಗಿದೆ ಎಂದು ನೋಡಲ್ ಅಧಿಕಾರಿ ಹೇಳಿದ ಮೇಲೆ ಅಧ್ಯಕ್ಷೆ ಸಭೆ ಶುರುಮಾಡಿದರು.

ಮೊದಲ ಗಂಟೆಯೆಲ್ಲ ಮನೆ ಪಟ್ಟಿ, ಇ-ಖಾತೆ, ಬೀದಿ ದೀಪ, ಚರಂಡಿಗೆ ಹೋಯಿತು. ಗಲಾಟೆಯೂ ಇತ್ತು, ನಗುವೂ ಇತ್ತು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಮುದುಕಿಯೊಬ್ಬರು ಮೈಕು ಕಿತ್ತುಕೊಂಡು ಕೇಳಿದರು. ಅಧಿಕಾರಿ ಎದ್ದು ನಿಂತು ಉತ್ತರ ಕೊಡಬೇಕಾಯಿತು. ನನಗೆ ಇದೇ ದೊಡ್ಡ ಸಂಗತಿಯೆನಿಸಿತು. ಅಬ್ದುಲ್ ನಜೀರ್ ಸಾಬರು 1980ರ ದಶಕದಲ್ಲಿ ರಾಜ್ಯದ ಸಚಿವರಾಗಿ ಹಳ್ಳಿಯವರ ಕೈಗೆ ಅಧಿಕಾರ ಕೊಡಲು ಹೋರಾಡಿದ್ದು, 1993ರ ಪಂಚಾಯತ್ ರಾಜ್ ಕಾಯ್ದೆ ಬಂದದ್ದು ಇಂಥ ಪ್ರಶ್ನೆಗಾಗಿಯೇ.

ಹೊಳೆಯ ವಿಷಯ ಎತ್ತಿದ್ದು ಹಾಲಿನ ಡೈರಿಯ ಕಡೆಯಿಂದ ಬಂದ ಹೆಣ್ಣುಮಗಳು. "ಹೊಳೆ ನೀರಿನ ಹುಲ್ಲು ಹಾಕ್ತೀವಿ, ಬೇರೆ ದಾರಿ ಇಲ್ಲ. ಗದ್ದೇಲಿ ಇಳಿದ್ರೆ ಕಾಲೆಲ್ಲ ನವೆ. ಸಂಜೆಯಾದ್ರೆ ಸೊಳ್ಳೆ. ಇದನ್ನ ಯಾರಿಗೆ ಹೇಳೋದು ಮೇಡಂ?" ಎಂದರು. ಆಶಾ ಕಾರ್ಯಕರ್ತೆ ಚರ್ಮದ ಕಾಯಿಲೆಯ ಮಾತಿಗೆ ದನಿಗೂಡಿಸಿದರು. ಆಗ ಹಿರಿಯ ರೈತರೊಬ್ಬರು ಎದ್ದರು. "ನೀರು ನಿಲ್ಲಿಸಿ ಅನ್ಬೇಡ್ರಮ್ಮ. ಬೋರ್‌ವೆಲ್ ಎಲ್ಲಾ ಬತ್ತೋಗಿದೆ. ಈ ನೀರಿಲ್ದೆ ಇದ್ರೆ ಬೆಳೆಯಿಲ್ಲ. ಶುದ್ಧ ಮಾಡಿ ಬಿಡಿ ಅಂತ ಬರೀರಿ" ಎಂದರು. ಸಭೆ ಒಂದು ಕ್ಷಣ ತಣ್ಣಗಾಯಿತು. ಅವರು ಹೇಳಿದ್ದು ಅಲ್ಲಿದ್ದ ಎಲ್ಲರ ಮನಸ್ಸಿನ ಮಾತು. ಹೊಳೆ ಸಾಲಿನ ಹಳ್ಳಿಗಳಿಗೆ ಈ ನೀರು ಬೇಕು, ಅದರ ವಿಷ ಬೇಡ. ನಗರದಲ್ಲಿ ಕೂತು ಈ ವಿಷಯ ಬರೆಯುವವರು ಬಿಟ್ಟುಬಿಡುವ ಮಾತೂ ಇದೇ.

ಪಿಡಿಒ ಪ್ರಾಮಾಣಿಕವಾಗಿ ಉತ್ತರಿಸಿದರು. ಪಂಚಾಯಿತಿಯ ಗಡಿಯೊಳಗಿನ ಚರಂಡಿಗೆ ಪಂಚಾಯಿತಿ ಹೊಣೆ. ಹೊಳೆಗೆ ಮೇಲಿನಿಂದ ಬರುವ ಕೊಳಚೆಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಜಲಮಂಡಳಿ, ನಗರ ಪಾಲಿಕೆ ಹೊಣೆ. ನಿರ್ಣಯ ಬರೆದು ಕಳಿಸಬಹುದು. ನಡವಳಿ ಪುಸ್ತಕದಲ್ಲಿ ನಿರ್ಣಯ ಬರೆದರು, ಓದಿ ಹೇಳಿದರು, ಜನ ಕೈಯೆತ್ತಿದರು. "ಹೋದ ಸಲಾನೂ ಬರೆದಿದ್ರಿ" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಪಿಡಿಒ ಪುಟ ತಿರುವಿ ಹೋದ ಸಲದ ನಿರ್ಣಯ ತೋರಿಸಿದರು. ಅದೂ ಇತ್ತು, ಅದಕ್ಕೆ ಉತ್ತರ ಬಂದ ಗುರುತು ಇರಲಿಲ್ಲ.

ಹಿಂದಿರುಗುವಾಗ ಆ ಎರಡು ಪುಟಗಳೇ ಕಣ್ಣ ಮುಂದಿದ್ದವು. ಹಳ್ಳಿಯಲ್ಲಿ ಸಭೆ ನಡೆಯುತ್ತದೆ, ಆದರೆ ಕೊಳಚೆ ಹುಟ್ಟುವ ಕಡೆ ಅದರ ಮಾತು ನಡೆಯುವುದಿಲ್ಲ. ಕೊಳಚೆ ಹುಟ್ಟುವ ನಗರದಲ್ಲಿ ಸಭೆಯೇ ಸರಿಯಾಗಿ ನಡೆಯುವುದಿಲ್ಲ. ಬೆಳ್ಳಂದೂರು ಕೆರೆಗೆ 2017ರಲ್ಲೂ 2018ರಲ್ಲೂ ಬೆಂಕಿ ಬಿದ್ದ ಮೇಲೆ, 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ನೇತೃತ್ವದ ಸಮಿತಿ ನೇಮಿಸಿತು. ನೊರೆ ಗಡಿಯಾಚೆ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯಲ್ಲೂ ಎದ್ದು ಸುದ್ದಿಯಾಗಿದೆ. ಈ ನದಿಯ ಉಪನದಿ ಮಾರ್ಕಂಡೇಯದ ಮೇಲೆ ಯರಗೋಳದಲ್ಲಿ ಕಟ್ಟಿದ ಅಣೆಕಟ್ಟೆಯ ವ್ಯಾಜ್ಯವನ್ನು ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿತು. ಕೂತು ಮಾತಾಡದಿದ್ದರೆ ಕೊನೆಗೆ ಉಳಿಯುವುದು ಕೋರ್ಟು, ದಂಡ, ಸಮಿತಿ.

ಇದಕ್ಕೆ ದಾರಿ ಸಂವಿಧಾನದಲ್ಲೇ ಇದೆ. 243 ಝಡ್‌ಇ ವಿಧಿ ಮಹಾನಗರ ಯೋಜನಾ ಸಮಿತಿ ಇರಬೇಕು ಎನ್ನುತ್ತದೆ. ಅದರ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರನ್ನು ನಗರದ ಚುನಾಯಿತರೂ ಪಂಚಾಯಿತಿ ಅಧ್ಯಕ್ಷರೂ ತಮ್ಮೊಳಗಿಂದ ಆರಿಸಬೇಕು. ನಗರ ಮತ್ತು ಪಂಚಾಯಿತಿಗಳ ನಡುವೆ ನೀರಿನ ಹಂಚಿಕೆಯೂ ಆ ಸಮಿತಿ ಲಕ್ಷ್ಯ ಕೊಡಬೇಕಾದ ವಿಷಯ. ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ ಅರವರಿ ನದಿಯ ಸುಮಾರು 70 ಹಳ್ಳಿಗಳು 1990ರ ದಶಕದ ಕೊನೆಗೆ ತಾವೇ ಒಂದು ನದಿ ಸಂಸತ್ತು ಮಾಡಿಕೊಂಡವು. ಕಾನೂನಿನ ಬಲ ಇಲ್ಲದಿದ್ದರೂ ಯಾವ ಬೆಳೆ, ಎಷ್ಟು ನೀರು ಎಂದು ಅಲ್ಲಿ ಕೂತು ತೀರ್ಮಾನಿಸುತ್ತಾರೆ. ದಕ್ಷಿಣ ಪಿನಾಕಿನಿಗೂ ಅಂಥ ಒಂದು ಸಭೆ ಬೇಕು. ಹಲಸೂರಿನವರೂ ಮುಗಳೂರಿನವರೂ ಒಂದೇ ಸಾಲಿನಲ್ಲಿ ಕೂರಬೇಕು. ಶುದ್ಧೀಕರಣ ಘಟಕಗಳ ಲೆಕ್ಕ ಅಲ್ಲಿ ಓದಿ ಹೇಳಬೇಕು.

ಅಲ್ಲಿಯವರೆಗೆ ಶಿವಾಜಿನಗರ, ಇಂದಿರಾನಗರ, ಕೆ.ಆರ್. ಪುರದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ವಾರ್ಡ್ ಸಮಿತಿ ಯಾವತ್ತು ಸೇರುತ್ತದೆ ಎಂದು ಪಾಲಿಕೆಯಲ್ಲಿ ವಿಚಾರಿಸಿ. ಸೇರುವುದಿಲ್ಲ ಎಂದರೆ ಸೇರಿಸಿ ಎಂದು ಬರೆದು ಕೊಡಿ. ಸೇರಿದ ದಿನ ಹೋಗಿ, ನಮ್ಮ ಮನೆಯ ನೀರು ಎಷ್ಟು ಶುದ್ಧವಾಗಿ ಹೊಳೆ ಸೇರುತ್ತಿದೆ ಎಂಬ ಪ್ರಶ್ನೆಯನ್ನು ನಡವಳಿಯಲ್ಲಿ ಬರೆಸಿ. ಹೊಳೆಯಂಚಿನ ಹಳ್ಳಿಯವರು ತಮ್ಮ ಪಾಲಿನ ನಿರ್ಣಯ ಬರೆದಾಗಿದೆ. ಉತ್ತರ ಕೊಡಬೇಕಾದವರು ನಾವು.