ಒಣ ಹಳ್ಳಕ್ಕೆ ನೀರು ಬರುವ ಹೊತ್ತು

ತುಮಕೂರಿನಲ್ಲಿ ಪಾವಗಡದ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತರೆ ಕೊರಟಗೆರೆಯವರೆಗೂ ಅಡಿಕೆ, ತೆಂಗು ಕಣ್ಣಿಗೆ ತಂಪು. ಮಧುಗಿರಿಯ ಏಕಶಿಲಾ ಬೆಟ್ಟ ಎದುರಾಗುವ ಹೊತ್ತಿಗೆ ಹಸಿರು ತೆಳುವಾಗುತ್ತದೆ. ಮಿಡಿಗೇಶಿ ದಾಟಿದ ಮೇಲೆ ಬಂಡೆ, ಜಾಲಿ, ಕಡಲೆಕಾಯಿಯ ಬರಿದು ಹೊಲ. ಏಪ್ರಿಲ್, ಮೇ ತಿಂಗಳಲ್ಲಿ ದಾರಿಯ ಸೇತುವೆಗಳ ಕೆಳಗೆ ಮರಳು, ಮೇಕೆ, ಕೆಲವೆಡೆ ಕ್ರಿಕೆಟ್ ಆಡುವ ಹುಡುಗರು. ಪಾವಗಡದ ತಿರುಮಣಿ ಕಡೆಯಂತೂ ಬಿಸಿಲನ್ನೇ ಬೆಳೆ ಮಾಡಿಕೊಂಡಿದ್ದಾರೆ. ಅಲ್ಲಿನದು 2050 ಮೆಗಾವಾಟ್‌ನ ಸೌರ ಪಾರ್ಕ್. ಇಂಥ ಸೀಮೆಯಲ್ಲಿ ಪ್ರವಾಹದ ಮಾತೆತ್ತಿದರೆ ನಗುವವರೇ ಹೆಚ್ಚು.

ಮಧ್ಯಾಹ್ನ ಮೂರರವರೆಗೆ ಎಲೆ ಅಲುಗುವುದಿಲ್ಲ. ಕಾದ ನೆಲದ ಗಾಳಿ ಮೇಲೇರಿ, ಸಮುದ್ರದ ಕಡೆಯಿಂದ ಬಂದ ತೇವದೊಡನೆ ಸೇರಿದರೆ, ಒಂದೆರಡು ಗಂಟೆಯಲ್ಲೇ ಹೂಕೋಸಿನಂಥ ಮೋಡ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರ ಬೆಳೆದು ನಿಲ್ಲುತ್ತದೆ. ಮೊದಲು ದೂಳು, ಆಮೇಲೆ ಮಣ್ಣಿನ ವಾಸನೆ, ಹಿಂದೆಯೇ ದಪ್ಪ ಹನಿ, ಒಮ್ಮೊಮ್ಮೆ ಆಲಿಕಲ್ಲು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಬಿಸಿಲು ಬಂದರೂ ಬಂತು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುತ್ತ ರೈತ ಹೊಲದ ಕಡೆ ಹೊರಡುತ್ತಾನೆ. ಅಪಾಯ ಶುರುವಾಗುವುದೇ ಆಗ.

ಬಂಡೆ ನೀರು ಕುಡಿಯುವುದಿಲ್ಲ. ಬೆಟ್ಟದ ಮೈಮೇಲೆ ಬಿದ್ದದ್ದೆಲ್ಲ ಜಾರಿ ಹಳ್ಳ ಸೇರುತ್ತದೆ. ಮಳೆ ಎಲ್ಲೋ ಮೇಲೆ ಸುರಿದಿರುತ್ತದೆ. ಕೆಳಗಿನ ಊರಿನವರ ಕಾಲಡಿ ಮರಳು ಇನ್ನೂ ಬಿಸಿಯಾಗಿಯೇ ಇರುತ್ತದೆ. ಆ ಹೊತ್ತಿಗೆ ಕಸಕಡ್ಡಿ ತಳ್ಳಿಕೊಂಡು ಕೆಂಪು ನೀರು ಬರುತ್ತದೆ. ಮೊಣಕಾಲುದ್ದದ ಹರಿವು ಸಾಕು, ಬೈಕ್ ಸವಾರನನ್ನು ಕೆಡವಲು. ಬಸ್ ನಿಲ್ದಾಣದಲ್ಲಿ ಸಿಕ್ಕ ಹಿರಿಯರೊಬ್ಬರು, "ಹಳ್ಳದ ಆಳ ನೋಡ್ಬೇಡ ಕಣಪ್ಪ, ನೀರಿನ ಬಣ್ಣ ನೋಡು. ಕೆಂಪಗಿದ್ರೆ ಈ ದಡದಲ್ಲೇ ಕೂತ್ಕೋ" ಎಂದರು.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯನ್ನು ಎಷ್ಟೋ ಮಕ್ಕಳು ಮರಳಾಗಿಯಷ್ಟೇ ಕಂಡಿದ್ದರು. 2022ರ ಮಳೆಗಾಲದಲ್ಲಿ ಅದು ದಡ ಮೀರಿ ಹರಿಯಿತು.

ಹಿಂದೆ ಈ ಸೀಮೆಯ ಹಳ್ಳ, ಕೆರೆಯಂಗಳಗಳಲ್ಲಿ ತಲಪರಿಗೆಗಳಿದ್ದವು. ಮರಳು ತೋಡಿದರೆ ಒರತೆ. ಅದರಿಂದಲೇ ಕುಡಿಯುವ ನೀರು, ಅದರಿಂದಲೇ ತೋಟ. ಮಳೆ ನೀರನ್ನು ಹಿಡಿದಿಡುತ್ತಿದ್ದುದು ಆ ಮರಳು. ಮರಳು ಲಾರಿ ಹತ್ತಿತು, ಕೊಳವೆಬಾವಿಗಳು ಆಳಕ್ಕಿಳಿದವು, ಹಲವು ತಲಪರಿಗೆ ಬತ್ತಿದವು. ಉಳಿದದ್ದು ಗುಂಡಿಗಳು. ಒಂದು ಮಳೆಗೆ ತುಂಬಿದ ಗುಂಡಿಯ ಆಳ ಮೇಲಿನಿಂದ ತಿಳಿಯುವುದಿಲ್ಲ. ರಜೆಗೆ ಅಜ್ಜಿ ಊರಿಗೆ ಬಂದ ಪೇಟೆ ಹುಡುಗನಿಗಂತೂ ಅದು ಈಜುಕೊಳದಂತೆಯೇ ಕಾಣುತ್ತದೆ. ತಂದೆತಾಯಂದಿರು ಮಾವಿನ ಮರ ಹತ್ತಬೇಡ ಎನ್ನುವುದಕ್ಕಿಂತ ಮೊದಲು ಇದನ್ನು ಹೇಳಬೇಕು.

ಸಿಡಿಲಿನದು ಬೇರೆಯೇ ಕತೆ. ಶಿರಾ, ಪಾವಗಡದ ಬಯಲಿನಲ್ಲಿ ಕುರಿ ಕಾಯುವವರಿಗೆ ಕಾಣುವ ಆಸರೆ ಒಂಟಿ ಹುಣಸೆಮರ. ಸಿಡಿಲು ಹುಡುಕುವುದೂ ಅದನ್ನೇ. ಸುಮಾರು 3,900 ಅಡಿ ಎತ್ತರದ ಮಧುಗಿರಿ ಬೆಟ್ಟ ಹತ್ತುವವರೂ ಬೆಳಿಗ್ಗೆಯೇ ಹತ್ತಿ ಇಳಿಯುವುದು ಮೇಲು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಲೆಕ್ಕ ಬಿಟ್ಟು ಗಟ್ಟಿ ಕಟ್ಟಡದೊಳಗೆ ಓಡಬೇಕು.

ಇಷ್ಟಾದರೂ ಇಲ್ಲಿ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೊರಡುತ್ತದೆ. ಹೆಂಗಸರು ಬಾಗಿನ ಬಿಡುತ್ತಾರೆ, ಒಂದು ಕೈಯಲ್ಲಿ ಮೊರ, ಇನ್ನೊಂದರಲ್ಲಿ ಮಗುವಿನ ರಟ್ಟೆ ಬಿಗಿಯಾಗಿ ಹಿಡಿದು.